ಟಾರ್ಪಾಲಿನಡಿ ಮಲಗಿದ ಏಣಿ

ಗಂಟಕ್ಕನ ಅಜ್ಜ ಹಡಗು ಕಟ್ಟುತ್ತಿದ್ದವನು. ಹಡಗಿನವರು ಎಸೆದ ತೋಳುಗಾತ್ರದ ಹಗ್ಗವನ್ನು ದಡದ ಕಬ್ಬಿಣದ ಗೂಟಕ್ಕೆ ಬಿಗಿಯುವುದು ಅವನ ಕೆಲಸ. ಒಂದು ಬಿರುಗಾಳಿಯಲ್ಲಿ ಅಕ್ಕಪಕ್ಕದ ಹಡಗುಗಳೆಲ್ಲ ಹಗ್ಗ ಕಿತ್ತುಕೊಂಡು ಓಡಾಡಿದಾಗ ಅವನು ಕಟ್ಟಿದ್ದು ಮಾತ್ರ ಕೊಟ್ಟಿಗೆಯ ಹಸುವಿನಂತೆ ನಿಂತಿತ್ತಂತೆ. ಅಮ್ಮ ಹರಿದ ಟಾರ್ಪಾಲು ಹೊಲಿಯುವುದರಲ್ಲಿ ಎತ್ತಿದ ಕೈ. ಅವಳ ತೇಪೆಯ ಮೇಲೆ ನೀರು ನಿಂತು ಕೊಕ್ಕರೆ ಕಾಲು ತೊಳೆದರೂ ಕೆಳಗಿನ ಗೋಧಿ ನೆನೆಯುತ್ತಿರಲಿಲ್ಲ.

ಗುಡ್ಡದಂಥ ಹಡಗು ದಡಕ್ಕೇ ಬಂದು ನಿಲ್ಲುವಷ್ಟು ಆಳದ ಬಂದರು ಅದು. ಇಳಿದ ಸರಕು ಅರ್ಧ ರೈಲು ಹತ್ತುತ್ತದೆ, ಅರ್ಧ ಲಾರಿ. ಆ ಲಾರಿಗಳ ನೆತ್ತಿಗೆ ಟಾರ್ಪಾಲು ಹೊದಿಸಿ ಬಿಗಿಯುವವಳು ಗಂಟಕ್ಕ. ಅವಳ ಗಂಟು ಜಪ್ಪಯ್ಯ ಅಂದರೂ ಸಡಿಲುವುದಿಲ್ಲ. ಮೊಣಕಾಲು ಮಾತ್ರ ಇತ್ತೀಚೆಗೆ ಸಡಿಲ. ಮೇಸ್ತ್ರಿ ಕಡ್ಡಿ ಮುರಿದಂತೆ ಹೇಳಿದ್ದ: "ನೋಡಕ್ಕಾ, ಒಂದ್ಸಲ ಯಾರಾದ್ರೂ ನಿನ್ನ ಹಿಡಿದು ಇಳಿಸಬೇಕಾಯ್ತೋ, ಮಾರನೇ ದಿನದಿಂದ ನೆಲದ ಮೇಲೆ ಕೂತು ಹೊಲಿಗೆ."

"ನೆಲಕ್ಕೆ ಗಾಳಿ ಎಲ್ಲಿಂದ ಬರತ್ತೆ? ಮೇಲಿಂದ ಹಡಗು ಯಾರು ನೋಡ್ತಾರೆ?" ಎಂದಿದ್ದಳು.

ಅಂದು ಗೊಬ್ಬರದ ಲಾರಿ. ಓಡಿಸುವವನು ಅವಳ ಅಳಿಯನೇ. ಓಡಾಡುವ ಗಾಡಿಗಳು ತಾಕಿ ಬೀಳಿಸದಿರಲೆಂದು ಅಲ್ಲಿಯವರು ಹತ್ತಿದ ಮೇಲೆ ಏಣಿಯನ್ನೂ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಗಂಟಕ್ಕ ಅದನ್ನು ಮೂಟೆಗಳ ಮೇಲೆ ಮಲಗಿಸಿ, ಅಳಿಯನ ಜೊತೆ ಮಗಳ ಸುದ್ದಿ ಮಾತಾಡುತ್ತ ಟಾರ್ಪಾಲು ಹಾಸಿದಳು, ಹಗ್ಗ ಬಿಗಿದಳು. ಇಳಿಯಲು ನೋಡಿದರೆ ಏಣಿ ಎಲ್ಲಿ? ಟಾರ್ಪಾಲಿನಡಿ ಪಕ್ಕೆಲುಬಿನಂತೆ ಉಬ್ಬಿಕೊಂಡಿದೆ!

ಬಿಚ್ಚಿ ಮತ್ತೆ ಕಟ್ಟಲು ಹೊತ್ತೆಲ್ಲಿ? ಹಿಂದಿನ ಲಾರಿಗಳು ಹಾರ್ನ್ ಬಾರಿಸಿದವು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏಣಿಗೂ ಚಳಿ ಆಗ್ತಿತ್ತಾ ಅಕ್ಕಾ? ಕ್ರೇನ್ ಕರೀಲಾ?"

"ನಿನ್ನ ನಗು ಇಳಿಯೋದ್ರೊಳಗೆ ನಾನು ಇಳೀತೀನಿ, ತಡಿ."

ಮಿಕ್ಕಿದ್ದ ಹಗ್ಗಕ್ಕೆ ಅಜ್ಜನ ಹಡಗಿನ ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿ, ಸೆರಗು ಸಿಕ್ಕಿಸಿಕೊಂಡು ಜೋತುಬಿದ್ದಳು. ಅರ್ಧ ದಾರಿಯಲ್ಲಿ ಮೊಣಕಾಲು ಮುನಿಸಿಕೊಂಡಿತು. ಅಳಿಯ ಓಡಿಬಂದ. "ಅತ್ತೆ, ಕಾಲು ನನ್ನ ಭುಜದ ಮೇಲಿಡಿ!"

ಮೇಸ್ತ್ರಿ ನಗು ನಿಲ್ಲಿಸಿ ಕಣ್ಣು ಕಿರಿದು ಮಾಡಿದ. ಗಂಟಕ್ಕ ಕಾಲು ಚಾಚಿ ತಡಕಿದಳು. ಹೆಬ್ಬೆರಳಿಗೆ ಲಾರಿಯ ಟೈರು ಸಿಕ್ಕಿತು.

"ಸರಿದು ನಿಂತ್ಕೊಳ್ಳಿ ಅಳಿಯಂದ್ರೇ! ನಿಮ್ಮ ಭುಜ ನನ್ನ ಮಗಳಿಗಿರಲಿ. ಆ ಏಣಿನ ಜೋಪಾನವಾಗಿ ವಾಪಸ್ ತನ್ನಿ, ಅಷ್ಟು ಸಾಕು. ನೆಲ ಎಲ್ಲಿದೆ ಅಂತ ನಂಗೊತ್ತು."