ರೈಟರು ತಲೆ ತಗ್ಗಿಸುತ್ತಿದ್ದ ಹೊತ್ತು

ಮೊನ್ನೆ ದೋಣಿಗಲ್ಲಿನ ಹೋಟೆಲೊಂದರ ಹಿಂದೆ ಸಿಲ್ವರ್ ಓಕ್ ಸೌದೆ ಉರಿಸುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಅರ್ಧ ಕುಡಿದ ಕಾಫಿ ಬಿಟ್ಟು ಎದ್ದು ಬಂದೆ. ವನಗೂರಿನ ನಮ್ಮ ಪಕ್ಕದ ಮನೆಯ ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುತ್ತಿದ್ದ ರೈಟರು ನೆನಪಾದರು...

ನಾನಾಗ ಮದುವೆ ವಿಡಿಯೊ ತೆಗೆಯುತ್ತಿದ್ದೆ. 'ಇಲ್ಲಿ ನೋಡಿ, ಸ್ವಲ್ಪ ನಗಿ' ಅನ್ನುವುದಷ್ಟೇ ನನ್ನ ವಿದ್ಯೆ. ಒಮ್ಮೆ ಹಾಲೆಂಡಿನ ಸಾಮಾನ್ಯ ಜನರ ದಿನಚರಿಯ ಸಾಕ್ಷ್ಯಚಿತ್ರವೊಂದು ಕಣ್ಣಿಗೆ ಬಿತ್ತು. ಒಬ್ಬ ಮುದುಕ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾನೆ, ಒಬ್ಬಳು ಸೈಕಲ್ ಒರೆಸುತ್ತಾಳೆ, ಯಾರೂ ಕ್ಯಾಮೆರಾ ಕಡೆ ನೋಡುವುದಿಲ್ಲ. ನನಗೆ ಹುಚ್ಚೇ ಹಿಡಿಯಿತು. ರೈಟರಿಗೂ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ.

"ಇದೇನ್ ಮಾರಾಯ, ಇವ್ರ ಕಿಟಕಿಗೆ ಒಂದ್ ಪರದೆನೂ ಇಲ್ವಲ್ಲೋ! ಉಣ್ಣೋದು ತಿನ್ನೋದೆಲ್ಲ ಬೀದಿಗೆ ಕಾಣ್ತೈತೆ," ಎಂದು ನಕ್ಕರು. ಅವರ ಎಸ್ಟೇಟಿನಲ್ಲೂ ಇಂಥದ್ದೊಂದು ತೆಗೆಯುತ್ತೇನೆ ಅಂದಾಗ ಬೇಡ ಅನ್ನಲಿಲ್ಲ.

ಎಸ್ಟೇಟಿನಿಂದ ಸೌದೆ ಒಯ್ಯಬಾರದೆಂದು ಸಾಹುಕಾರರ ಕಟ್ಟಪ್ಪಣೆ. ಆದರೂ ಸಂಜೆ ಕೆಲಸ ಬಿಟ್ಟ ಹೆಂಗಸರು ಕಡಿದು ಬಿದ್ದ ಸಿಲ್ವರ್ ಓಕ್ ರೆಂಬೆಗಳ ಹೊರೆ ಹೊತ್ತು ರೈಟರು ಕೂರುತ್ತಿದ್ದ ಸ್ಟೋರಿನ ಮುಂದೆಯೇ ಹಾದು ಹೋಗುತ್ತಿದ್ದರು. ಅಷ್ಟು ಹೊತ್ತೂ ರೈಟರು ಹಾಜರಿ ಪುಸ್ತಕದ ಮೇಲೆ ಬಗ್ಗಿರುತ್ತಿದ್ದರು. ಕೊನೆಯವಳು ಗೇಟು ದಾಟಿದ ಮೇಲೆಯೇ ತಲೆಯೆತ್ತುವುದು. ವರ್ಷಗಟ್ಟಲೆ ನಡೆದ ಈ ವಾಡಿಕೆಯನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಕ್ಯಾಮೆರಾ ಇಟ್ಟ ದಿನವೂ ಅವರು ಹಾಗೇ ಬಗ್ಗಿದರು. ಇವನೂ ಊರವನೇ ತಾನೆ, ಅರಿತುಕೊಂಡಾನು ಎಂದು ನಂಬಿದ್ದರು.

ನಾನು ಎಲ್ಲವನ್ನೂ ತೆಗೆದೆ. ಹೊರೆ, ಹೆಂಗಸರ ಮುಖ, ರೈಟರ ಬಗ್ಗಿದ ಕತ್ತು... ಎಷ್ಟು ಸಹಜವಾಗಿ ಬಂದಿದೆ ಎಂದು ಬೀಗಿದೆ. ಸಕಲೇಶಪುರದಲ್ಲಿ ಅದನ್ನು ತೋರಿಸಿದ ದಿನ ಸಾಹುಕಾರರನ್ನು ನಾನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದೆ. ನನ್ನಂಥ ದಡ್ಡ ಇನ್ನೊಬ್ಬನಿರಲಾರ. ಸೌದೆ ಹೊರೆ ಕಂಡದ್ದೇ ಅವರು ಎದ್ದು ಹೋದರು.

ವಾರದೊಳಗೆ ರೈಟರ ಕೆಲಸ ಹೋಯಿತು. ಗೇಟಿಗೆ ಕಾವಲು ಬಂತು, ಸೌದೆ ನಿಂತಿತು.

ಕ್ಷಮೆ ಕೇಳಲು ಹೋದೆ. ರೈಟರು, "ನಂದು ಹೋಗ್ಲಿ ಬುಡು. ಆ ಹೆಣ್ಮಕ್ಕಳ ಮುಖ ಯಾಕೋ ತೋರಿಸ್ದೆ? ನೀನೂ ಒಂದ್ ಗಳಿಗೆ ತಲೆ ತಗ್ಗಿಸ್ಬಾರ್ದಿತ್ತಾ?" ಅಂದರು. ನನ್ನೊಡನೆ ಆಡಿದ ಕೊನೆಯ ಮಾತು ಅದು. ಮುಂದೆ ಆಲೂರಿನ ಮಗಳ ಮನೆ ಸೇರಿಕೊಂಡರು.

ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಸ್ಟೇಟಿನ ಕೂಲಿ ಲೈನಿನ ಹೆಂಗಸರೂ ಜೀಪು ಮಾಡಿಕೊಂಡು ಬಂದಿದ್ದರು. ನಾನು ಹತ್ತಿರ ಹೋದದ್ದೇ ಒಬ್ಬೊಬ್ಬರಾಗಿ ಸೆರಗೆಳೆದು ಮುಖ ಮುಚ್ಚಿಕೊಂಡರು. ಕ್ಯಾಮೆರಾ ತಂದಿರಲಿಲ್ಲ, ನನ್ನ ಎರಡೂ ಕೈ ಖಾಲಿ ಇದ್ದವು.