ಆಲೆಮನೆ ಒಲೆಯ ಚಿಕ್ಕಪ್ಪ

ಮೊನ್ನೆ ಪಾಂಡವಪುರದಿಂದ ಬಸ್ಸಿನಲ್ಲಿ ಬರುವಾಗ ಕ್ಯಾತನಹಳ್ಳಿ ಹತ್ತಿರ ಕಿಟಕಿಯಿಂದ ಬೆಲ್ಲ ಬೇಯುವ ವಾಸನೆ ನುಗ್ಗಿತು. ಜೊತೆಗೆ ಕಬ್ಬಿನ ಸಿಪ್ಪೆ ಉರಿಯುವ ಹೊಗೆ. ಎಲ್ಲರೂ ಮೂಗರಳಿಸಿದರು. ನನಗೆ ಮಾತ್ರ ಚಿಕ್ಕಪ್ಪ ನೆನಪಾದರು...

ಚಿಕ್ಕಪ್ಪ ಎಂದರೆ ಪಕ್ಕದ ಮನೆಯವರು. ಊರ ವಾವೆಯಲ್ಲಿ ಹಾಗೆ ಕರೆಯುತ್ತಿದ್ದೆ. ನಮ್ಮೂರ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಕೆಳಗೆ ಉರಿ ಹಾಕುವ ಕೆಲಸ ಅವರದು. ಹಂಗಾಮಿನ ಮೊದಲ ದಿನ ಒಲೆಗೆ ಪೂಜೆ ಮಾಡುವವರೂ ಅವರೇ. ಪೂಜೆ ಮಾಡಿ ಬೆಂಕಿ ಹಚ್ಚಿದವನೇ ಆ ಹಂಗಾಮು ಪೂರ್ತಿ ಉರಿ ಹಾಕುವುದು ನಮ್ಮಲ್ಲಿನ ರೂಢಿ.

ಊರಿನ ಹುಡುಗರು ಆ ಬಿಸಿಲಿಗಿಂತ ಬಿಸಿಯಾದ ಕೆಲಸಕ್ಕೆ ಬರುವುದನ್ನೇ ಬಿಟ್ಟರು. ಆಲೆಮನೆಯ ಯಜಮಾನರು ಉತ್ತರ ಪ್ರದೇಶದಿಂದ ಒಂದು ತಂಡ ಕರೆಸಿದರು. ಕಬ್ಬು ಅರೆಯುವ ಗಾಣದಿಂದ ಬೆಲ್ಲದ ಅಚ್ಚಿನವರೆಗೆ, ಉರಿ ಹಾಕುವುದೂ ಸೇರಿ, ಎಲ್ಲ ಕೆಲಸವೂ ಆ ತಂಡದ್ದೇ. ಚಿಕ್ಕಪ್ಪನಿಗೆ ಬೇಸರವಾಗಬಾರದೆಂದು ಪೂಜೆಗೆ ಮಾತ್ರ ಅವರನ್ನೇ ಕರೆದರು. ಮರ್ಯಾದೆ ಕೊಟ್ಟೆವೆಂದುಕೊಂಡರು, ಪುಣ್ಯಾತ್ಮರು! ಚಿಕ್ಕಪ್ಪ ಕಾಯಿ ಒಡೆದು, ಕರ್ಪೂರ ಹಚ್ಚಿ, ಬೆಂಕಿ ಹೊತ್ತಿಸಿ, ಪಂಚೆ ಎತ್ತಿಕಟ್ಟಿ ಒಲೆ ಮುಂದೆ ಕುಳಿತೇಬಿಟ್ಟರು. ಉರಿ ಹಾಕಬೇಕಿದ್ದ ತಂಡದ ಆಳು ಬಂದು ಪಕ್ಕದಲ್ಲಿ ನಿಂತ. ಯಜಮಾನರು ತಲೆ ಕೆರೆದುಕೊಂಡರು.

"ಪೂಜೆಗೆ ನಾನ್ ಬೇಕು, ಕೆಲ್ಸಕ್ಕೆ ಬ್ಯಾಡ್ವಾ ಗೌಡ್ರೇ? ಎಲ್ಲಿಂದ್ಲೋ ಬಂದು ನನ್ ಅನ್ನ ಕಿತ್ಕಂಡ್ಬುಟ್ರಲ್ಲ!" ಎಂದು ಚಿಕ್ಕಪ್ಪ ಎದ್ದು ಬಂದರು.

ಟೀ ಅಂಗಡಿಯಲ್ಲಿ ಜಗಳವೋ ಜಗಳ. ಹೊರಗಿನವರಿಂದ ಊರಿನವರ ಕೂಲಿ ಹೋಯಿತೆಂದು ಅರ್ಧ ಜನ. ಅವರಿಲ್ಲದಿದ್ದರೆ ಆಲೆಮನೆ ಮುಚ್ಚಿ, ಕಬ್ಬು ಗದ್ದೆಯಲ್ಲೇ ಒಣಗುತ್ತಿತ್ತೆಂದು ಇನ್ನರ್ಧ. ಎರಡೂ ನಿಜವೇ ಇರಬಹುದು. ಚಿಕ್ಕಪ್ಪನಿಗೆ ಕೆಲಸವನ್ನು ಮಾತ್ರ ಯಾರೂ ಕೊಡಲಿಲ್ಲ.

ಕೊನೆಗೆ ಅವರು ಕೆ.ಆರ್.ಎಸ್.ನ ಸಣ್ಣ ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ಸೇರಿದರು. ಒಂದು ಸಂಜೆ ಅಲ್ಲಿನ ಬಸ್‌ಸ್ಟಾಂಡಿನಲ್ಲಿ ಸಿಕ್ಕರು. ಮುಖ ಬಾಡಿತ್ತು.

"ನಂಗಿಂತ ಮುಂಚೆ ಬೆಳಗೊಳದ ಒಬ್ಬಮ್ಮ ತೊಳೀತಿದ್ಲು ಕಣ್ಲಾ. ನಾನು ಕಮ್ಮಿ ಕೂಲಿಗೆ ಒಪ್ಕಂಡೆ ಅಂತ ಅವಳ್ನ ಬುಡಿಸ್ಬುಟ್ರು. ಇವತ್ತು ಬಂದು ಬೈದ್ಲು. ನಾನು ಒಲೆ ಮುಂದೆ ಅಂದಿದ್ನಲ್ಲಾ, ಅದೇ ಮಾತು... ಅವಳ್ಗೆ ಏನಂತ ಯೇಳ್ಲಿ?"

ಬಸ್ಸು ಬಂದಾಗ ಹತ್ತುತ್ತಾ, "ಅವ್ಳು ಈಗ ಎಲ್ಲಿಗ್ ಓಗ್ತಾಳೋ?" ಎಂದು ಕೇಳಿದರು...

ಚಿಕ್ಕಪ್ಪ ತೀರಿಕೊಂಡು ವರ್ಷಗಳಾದವು. ಇದ್ದಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ. ಟೀ ಅಂಗಡಿಯ ವಾದ ಇನ್ನೂ ಮುಗಿದಿಲ್ಲ. ಎರಡು ಕಡೆಗೂ ಅವರೇ ಸಾಕ್ಷಿ. ಒಂದು ಕಡೆಯವರು, ಚಿಕ್ಕಪ್ಪ ಒಲೆ ಬಿಟ್ಟು ಎದ್ದಲ್ಲಿಗೆ ಕಥೆ ನಿಲ್ಲಿಸುತ್ತಾರೆ. ಇನ್ನೊಂದು ಕಡೆಯವರು, ಹೋಟೆಲಿನಲ್ಲಿ ಬೇರೆ ಕೆಲಸ ಸಿಕ್ಕಿತಲ್ಲ ಎನ್ನುತ್ತಾರೆ. ಆ ಬೆಳಗೊಳದ ಹೆಂಗಸು ಆಮೇಲೆ ಎಲ್ಲಿಗೆ ಹೋದಳೆಂದು ಕೇಳಿದವರು ಚಿಕ್ಕಪ್ಪ ಒಬ್ಬರೇ.