ಅಮ್ಮ ಕಟ್ಟಿದ ಕಾರು

ಮೊನ್ನೆ ಸ್ಕೂಟರಿನ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕು, ಪಂಚರ್ ಅಂಗಡಿಯ ಬೆಂಚಿನ ಮೇಲೆ ಕೂರಬೇಕಾಯಿತು. ಕೂರುವುದೆಂದರೆ ನನಗೆ ಆಗದ ಮಾತು. ಬಸ್ ನಿಲ್ದಾಣವಿರಲಿ, ಬ್ಯಾಂಕಿನ ಸಾಲಿರಲಿ, ಕಾಲು ಬದಲಿಸುತ್ತಲೇ ಇರುವವಳು ನಾನು. ಅಂಗಡಿಯವನು ಟ್ಯೂಬನ್ನು ಹೊರಗೆಳೆದು, ಉಜ್ಜಿ, ಪುಟ್ಟ ಡಬ್ಬಿಯಿಂದ ರಬ್ಬರ್ ಸೊಲ್ಯೂಷನ್ ಎಂಬ ಅಂಟು ತೆಗೆದು ಬಳಿದ. ಆ ವಾಸನೆ ಮೂಗಿಗೆ ಬಡಿದದ್ದೇ, ಪಕ್ಕದ ಅಂಗಡಿಗಾದರೂ ಹೋಗಿಬರೋಣವೆಂದು ಎದ್ದವಳು ಹಾಗೇ ಕೂತೆ. ಸಿಹಿಯಾಗಿ ತಲೆಗೇರುವ, ಅರ್ಧ ಪೆಟ್ರೋಲು, ಅರ್ಧ ಹೊಸ ಚಪ್ಪಲಿಯಂಥ ವಾಸನೆ. ಊರವರಿಗೆ ಅದು ಪಂಚರ್ ಅಂಗಡಿಯದು. ನನಗೆ ಮಾತ್ರ ಅದು ನೆವಾರ್ಕಿನ ಬಾಡಿಗೆ ಮನೆಯ ಗ್ಯಾರೇಜು, ಮೊಣಕೈವರೆಗೆ ಮಸಿ ಮೆತ್ತಿಕೊಂಡ ಅಮ್ಮ, ಅವಳ ಹೆರಳಿಗೆ ಅಂಟಿದ ಬಣ್ಣದ ಚುಕ್ಕಿ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ಯಾವುದೋ ಬೀದಿಯಲ್ಲಿ ಎದುರಾಗಿ, ಈಗ ಎಲ್ಲೂ ಇಲ್ಲದ ಮನೆಯೊಂದರ ಬಾಗಿಲು ತೆಗೆದುಬಿಡುವಂಥದ್ದು.

ನಾವು ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿಗೆ ಹೋದಾಗ ನನಗೆ ಏಳು ವರ್ಷ. ಅಪ್ಪ ಮಂಡ್ಯ ಕಡೆಯವರು, ಅಮ್ಮ ಮಂಗಳೂರಿನವಳು. ಹಾಗಾಗಿ ಮನೆಯಲ್ಲಿ ಎರಡು ಕನ್ನಡ, ಎರಡು ಬಗೆಯ ಸಾರು. ಕಿಟಕಿ ಪರದೆಗಳನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತೇವೆಂದು ಹೊರಟಿದ್ದ ಸ್ಯಾನ್ ಮಟಿಯೋದ ಒಂದು ಕಂಪನಿಯಲ್ಲಿ ಅಪ್ಪನಿಗೆ ಕೆಲಸ. ಬೆಳಿಗ್ಗೆ ಸೇತುವೆ ದಾಟಿ ಹೋದವರು ಸಂಜೆ ಮರಳುವಾಗ, ತಮ್ಮ ಪರದೆಗಳು ಇನ್ನೇನು ಪ್ರಪಂಚವನ್ನೇ ಗೆಲ್ಲಲಿವೆ ಎಂಬ ಸುದ್ದಿ ತರುತ್ತಿದ್ದರು. ಅಪ್ಪನ ವೀಸಾದ ಬಾಲ ಹಿಡಿದು ಬಂದ ಅಮ್ಮನಿಗೆ ಆ ದೇಶದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಅವಳೋ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಸೋಫಾವನ್ನು ಈ ಗೋಡೆಯಿಂದ ಆ ಗೋಡೆಗೆ ತಳ್ಳುವಳು, ಊರಂಚಿನ ಉಪ್ಪಿನ ಗದ್ದೆಗಳವರೆಗೆ ನನ್ನನ್ನು ಎಳೆದುಕೊಂಡು ನಡೆದು, ಗಾಳಿ ಮೂಸಿ, "ಸಮುದ್ರದ ವಾಸನೆ ಉಂಟು, ಮೀನಿನ ವಾಸನೆ ಇಲ್ಲ. ಎಂತ ಊರು ಮಾರಾಯ್ತಿ ಇದು!" ಎಂದು ಬೈದು ವಾಪಸು ಬರುವಳು. ಸುಮ್ಮನೆ ಕೂತರೆ ಅವಳ ಬೆರಳುಗಳು ಮೇಜನ್ನು ತಟ್ಟತೊಡಗುತ್ತಿದ್ದವು. ಶಾಲೆಯಿಂದ ಬಂದರೆ ಬಾಗಿಲಲ್ಲೇ ನನಗೆ ಆ ಸದ್ದು ಕೇಳಿಸುತ್ತಿತ್ತು.

ಆ ಬೆರಳುಗಳಿಗೊಂದು ಕಾರಣವಿತ್ತು. ಅಮ್ಮನ ಅಪ್ಪ ಮಂಗಳೂರಿನಲ್ಲಿ ಬಸ್ಸುಗಳಿಗೆ ಮೈ ಕಟ್ಟುತ್ತಿದ್ದವರು. ಬರೀ ಎಂಜಿನ್ನು, ಚಕ್ರಗಳಿದ್ದ ಬೆತ್ತಲೆ ಗಾಡಿ ಅವರ ಶೆಡ್ಡಿಗೆ ಬಂದು, ತಗಡು, ಮರ, ಗಾಜು ತೊಟ್ಟುಕೊಂಡು ಬಸ್ಸಾಗಿ ಹೊರಡುತ್ತಿತ್ತು. ಕರಾವಳಿಯ ಮಳೆ ಗೊತ್ತಲ್ಲ, ಸೂಜಿ ತೂರುವಷ್ಟು ಸಂದು ಸಿಕ್ಕರೂ ಒಳಗೆಲ್ಲ ಕೆರೆ. ಅದಕ್ಕೇ ಗಾಡಿ ಒಪ್ಪಿಸುವ ಮೊದಲು ಅಜ್ಜ ಒಂದು ಪರೀಕ್ಷೆ ಮಾಡುತ್ತಿದ್ದರಂತೆ. ಮನೆಯ ಮಗುವನ್ನು ಒಳಗೆ ಕೂರಿಸಿ, ಅದರ ಮಡಿಲಲ್ಲಿ ಪೇಪರು ಹರಡಿ, ಬಾಗಿಲು ಮುಚ್ಚಿ, ಹೊರಗಿನಿಂದ ಕೊಡಗಟ್ಟಲೆ ನೀರು ಸುರಿಸುವುದು. ಪೇಪರಿನ ಮೇಲೆ ಒಂದೇ ಒಂದು ಹನಿ ಕಂಡರೂ ಗಾಡಿ ಅಂಗಳ ದಾಟುವ ಹಾಗಿಲ್ಲ. ಬಿಚ್ಚಬೇಕು, ಮತ್ತೆ ಕಟ್ಟಬೇಕು. ಮಗುವೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಅಮ್ಮ, "ಸ್ವಂತ ಮಗು ನೆನೀತದೆ ಅಂತಾದ್ರೆ ಮಾತ್ರ ಕೈ ಬಿಗಿ ಬರುದು" ಎಂದಿದ್ದಳು. ಆ ಶೆಡ್ಡಿನ ಮಗು ಅವಳೇ. ಒಮ್ಮೆ ಊರಿನ ಡಾಕ್ಟರೊಬ್ಬರ ಹಳೇ ಕಾರು, ಆಮೆಯ ಬೆನ್ನಿನಂತೆ ಹಿಂಭಾಗ ದುಂಡಗಿದ್ದದ್ದು, ಸೋರುತ್ತದೆಂದು ರಿಪೇರಿಗೆ ಬಂತಂತೆ. ಅಮ್ಮ ಅದರೊಳಗೂ ಪೇಪರು ಹಾಸಿಕೊಂಡು ಕೂತಳು. ಬಸ್ಸಿನಷ್ಟು ದೊಡ್ಡದಲ್ಲ, ತನ್ನ ಅಳತೆಯದೇ ಒಂದು ಮನೆ ಅನ್ನಿಸಿತಂತೆ. ಇಂಥದ್ದೇ ಒಂದನ್ನು ನಿನಗೆ ಕಟ್ಟಿಕೊಡುತ್ತೇನೆ ಎಂದಿದ್ದ ಅಜ್ಜ ಕಟ್ಟಿಕೊಡದೆಯೇ ತೀರಿಕೊಂಡರು. ಶೆಡ್ಡಿನಿಂದ ಅಮ್ಮನ ಪಾಲಿಗೆ ಬಂದದ್ದು ಹುಣಸೆ ಮರದ ಒಂದು ಕೊಡತಿ, ತಗಡು ಬಡಿಯುವ ಸುತ್ತಿಗೆ. ಅಮೆರಿಕಕ್ಕೆ ಹೊರಡುವಾಗ ಅದನ್ನವಳು ಸೀರೆಗಳ ನಡುವೆ ಸುತ್ತಿ ತಂದಿದ್ದಳು.

ಎರಡನೆಯ ವರ್ಷ, ಗಿಲ್‌ರಾಯ್ ಕಡೆ ಹೋಗಿದ್ದ ಒಂದು ಭಾನುವಾರ, ಬೆಳ್ಳುಳ್ಳಿ ಹೊಲದ ಪಕ್ಕದ ಕೊಟ್ಟಿಗೆಯೊಂದರ ಅರೆತೆರೆದ ಬಾಗಿಲಲ್ಲಿ ಅಮ್ಮನಿಗೆ ಆ ದುಂಡು ಬೆನ್ನು ಕಂಡಿತು. "ನಿಲ್ಸಿ, ನಿಲ್ಸಿ!" ಎಂದು ಅವಳು ಕೂಗಿದ್ದಕ್ಕೆ ಅಪ್ಪ ಯಾವುದೋ ನಾಯಿ ಅಡ್ಡ ಬಂತೆಂದೇ ಬ್ರೇಕು ಹಾಕಿದರು. ಕೊಟ್ಟಿಗೆಯ ಒಡತಿ ಡೋರಿಸ್ ಎಂಬ ಮುದುಕಿ. ನಾನು ಡೋರಿಸಜ್ಜಿ ಎಂದೇ ಕರೆದೆ. ಕಾರು ಅವರ ಗಂಡನದು. ಗಂಡ ತೀರಿಹೋದ ಮೇಲೆ ಬೆಳ್ಳುಳ್ಳಿ ಮೂಟೆಗಳ ಸಂದಿಯಲ್ಲಿ ತುಕ್ಕು ಹಿಡಿಯುತ್ತ ಕೂತಿತ್ತು. ಅಜ್ಜಿ ಮಾರುವುದಿಲ್ಲ ಎಂದರು. ಅಮ್ಮ ಬಿಟ್ಟಾಳೆ? ನಾಲ್ಕು ಭಾನುವಾರ ನಮ್ಮನ್ನು ಅಲ್ಲಿಗೇ ಹೊರಡಿಸಿದಳು. ನಾಲ್ಕನೆಯ ಸಲ ಅವಳು ಕಾರಿನ ಸುತ್ತ ಬಂದು ಬೆರಳ ಗಂಟಿನಿಂದ ಮೈಯನ್ನು ಅಲ್ಲಲ್ಲಿ ತಟ್ಟಿ ಕಿವಿಗೊಟ್ಟದ್ದನ್ನು ನೋಡಿ ಡೋರಿಸಜ್ಜಿ ಹತ್ತಿರ ಬಂದು ತಗಡಿನ ಮೇಲೆ ಅಂಗೈ ಇಟ್ಟರು. ತನ್ನ ಗಂಡನೂ ಹೀಗೇ ತಟ್ಟುತ್ತಿದ್ದ, ತೆಗೆದುಕೊಂಡು ಹೋಗು, ಓಡುವಂತಾದ ದಿನ ನನಗೊಮ್ಮೆ ತೋರಿಸು ಎಂದರು. ಎಳೆದುಕೊಂಡು ಬಂದು ಗ್ಯಾರೇಜಿನಲ್ಲಿ ಇಳಿಸಿದಾಗ ಅಪ್ಪ ಅದರ ನೆಲದ ತೂತಿನಿಂದ ತಮ್ಮ ಬೂಟು ನೋಡಿಕೊಂಡರು. "ಇರುಳು ಕಂಡ ಬಾವೀಗೆ ಹಗಲು ಬಿದ್ದಂಗಾಯ್ತು ಕಣೆ ವಾರಿಜ." ಅಮ್ಮ ನಕ್ಕು, "ಚರ್ಮ ಹಾಳಾದದ್ದು, ಎಲುಬು ಸರಿ ಉಂಟು" ಎಂದಳು.

ಆಮೇಲಿನ ಎರಡು ವರ್ಷ ನಮ್ಮ ಮನೆ ನಡೆದದ್ದು ಗ್ಯಾರೇಜಿನಲ್ಲಿ. ಬೆಳಿಗ್ಗೆ ನನ್ನನ್ನು ಶಾಲೆಗೆ ಬಿಟ್ಟು ಬಂದವಳು ಅಪ್ಪನ ಹಳೇ ಶರ್ಟು ತೊಟ್ಟು ಕೊಡತಿ ಹಿಡಿಯುತ್ತಿದ್ದಳು. ಎಂಜಿನ್ನನ್ನು ಮುಟ್ಟಲಿಲ್ಲ, "ನಾವು ಮೈ ಕಟ್ಟುವವರು, ಹೊಟ್ಟೆ ನೋಡುದು ಬೇರೆಯವರು" ಎಂದು ಮೂಲೆಮನೆಯ ಮೆಕ್ಯಾನಿಕ್ಕಿನ ಕೈಗೆ ಕೊಟ್ಟಳು. ಬದಲಿಗೆ ಅವನ ಸ್ವಂತ ವ್ಯಾನಿನ ಸೊಟ್ಟುಗಳನ್ನೆಲ್ಲ ಬಡಿದು ನೆಟ್ಟಗೆ ಮಾಡಿದಳು. ಕಾರನ್ನು ಮೊದಲಿದ್ದ ಹಾಗೆ ಮಾಡುವ ಹಂಬಲ ಅವಳಿಗಿರಲಿಲ್ಲ. ಹಿಂದಿನ ಸೀಟಿಗೆ ಬಸ್ಸಿನಂತೆ ಮರದ ಬೆನ್ನು, ಕಿಟಕಿಯ ಪಕ್ಕ ಹಿಡಿದುಕೊಳ್ಳಲು ಹಿತ್ತಾಳೆಯ ಸರಳು, ಮೈಗೆ ಅಜ್ಜನ ಬಸ್ಸುಗಳ ಎಲೆಹಸಿರು, ಸೊಂಟಕ್ಕೊಂದು ಬಿಳಿ ಪಟ್ಟಿ. ಬಿಸಿಲು ಏರಿದಂತೆ ತಗಡಿನಿಂದ ಬೆಳ್ಳುಳ್ಳಿಯ ವಾಸನೆ ಹೊರಡುತ್ತಿತ್ತು. ಅದರ ಮೇಲೆ ಬಣ್ಣ, ಅದರ ಮೇಲೆ ಗಾಜಿನ ರಬ್ಬರಿಗೆ ಬಳಿಯುವ ಸೊಲ್ಯೂಷನ್ನು. ನನಗೋ ಕಾರಿನ ಮೇಲೆ ಹೊಟ್ಟೆಕಿಚ್ಚು, ಅದರೊಳಗೆ ಕೂತರೆ ಎಲ್ಲಿಲ್ಲದ ಖುಷಿ. ಮರದ ಸೀಟಿನ ಮೇಲೆ ಹೋಮ್‌ವರ್ಕು, ಅಲ್ಲೇ ಚಿತ್ರಾನ್ನ, ಅಲ್ಲೇ ನಿದ್ದೆ. ಮೇಜು ತಟ್ಟುವ ಸದ್ದು ಮನೆಯಿಂದ ಯಾವಾಗ ಹೋಯಿತೋ ಯಾರೂ ಗಮನಿಸಲಿಲ್ಲ.

ಅಷ್ಟರಲ್ಲಿ ಪ್ರಪಂಚ ಗೆಲ್ಲಬೇಕಿದ್ದ ಪರದೆಗಳು ಮುಗ್ಗರಿಸಿದವು. ಒಂದು ಮಧ್ಯಾಹ್ನವೇ ಅಪ್ಪ ಮನೆಗೆ ಬಂದರು, ಕೈಯಲ್ಲಿ ರಟ್ಟಿನ ಡಬ್ಬ, ಅದರಲ್ಲಿ ಮಗ್ಗು ಮತ್ತು ನನ್ನ ಫೋಟೋ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮನೆ. ಅಪ್ಪ ಹಗಲಿಡೀ ಫೋನು ಹಿಡಿದು ಕೂತರೂ ಬೇರೆ ಕಂಪನಿ ಸಿಗಲಿಲ್ಲ. ಊರಿಗೆ ಟಿಕೆಟ್ಟು ಮಾಡಿಸಿದರು. ಕಾರನ್ನು ಒಯ್ಯುವ ದಾರಿಯಿರಲಿಲ್ಲ. ಅಮ್ಮ ಡೋರಿಸಜ್ಜಿಗೆ ಫೋನು ಮಾಡಿ, ಕಾರು ಓಡುತ್ತದೆ, ನೀವೇ ಇಟ್ಟುಕೊಳ್ಳಿ ಎಂದಳು. ಫೋನಿಟ್ಟವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಳು. ನಾನು "ಐ ಡೋಂಟ್ ವಾಂಟ್ ಟು ಗೋ" ಎಂದು ಮನೆಯೆಲ್ಲ ಕೂಗುತ್ತ ಓಡಾಡಿದೆ. ಯಾರೂ ಗದರಿಸಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಕೊಡುವುದೇನೋ ಸರಿ, ಪರೀಕ್ಷೆಯಾಗದೆ ಕೊಡುವ ಹಾಗಿಲ್ಲವಲ್ಲ. ಶನಿವಾರ ಕಾರನ್ನು ಮನೆಯ ಮುಂದಿನ ಇಳಿಜಾರಿಗೆ ತಂದು ಅಮ್ಮ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮಡಿಲಲ್ಲಿ ಪೇಪರು ಹರಡಿ, ಬಾಗಿಲು ಮುಚ್ಚಿದಳು. ಗಿಡಕ್ಕೆ ನೀರು ಬಿಡುವ ಪೈಪಿನಿಂದ ನೀರು ಚಾವಣಿಗೆ ಅಪ್ಪಳಿಸಿತು. ಗಾಜಿನಾಚೆ ಅಮ್ಮ ಕರಗಿ ಹಸಿರು ಶರ್ಟು ಮಾತ್ರವಾದಳು. ಒಳಗೆ ಮಾತ್ರ ಎಲ್ಲ ಒಣಗಿ ಬೆಚ್ಚಗಿತ್ತು. ಆಗ ಹೊಳೆಯಿತು: ಒಂದು ಹನಿ ಬಿದ್ದರೆ ಗಾಡಿ ಅಂಗಳ ದಾಟುವ ಹಾಗಿಲ್ಲ. ಗಾಡಿ ದಾಟದಿದ್ದರೆ ಅಮ್ಮ ಹೊರಡುವುದಿಲ್ಲ. ಅಮ್ಮ ಹೊರಡದಿದ್ದರೆ ನಾವ್ಯಾರೂ ಹೊರಡುವುದಿಲ್ಲ. ಹನ್ನೊಂದು ವರ್ಷದವಳ ಲೆಕ್ಕ ಅಷ್ಟೇ. ಬೆರಳನ್ನು ನಾಲಿಗೆಗೆ ತಾಗಿಸಿ ಪೇಪರಿನ ನಡುವೆ ಒತ್ತಿದೆ.

ಅಮ್ಮ ಬಾಗಿಲು ತೆಗೆದು ಪೇಪರು ನೋಡಿದಳು. ಬಹಳ ಹೊತ್ತು ನೋಡಿದಳು. ಚಾವಣಿಗೆ ಅಂಗೈ ಆಡಿಸಿದಳು, ಹಿಂದಿನ ಗಾಜಿನ ಅಂಚಿಗುಂಟ ಬೆರಳು ಎಳೆದಳು. ಆಮೇಲೆ "ಸೋರ್ತದೆ" ಎಂದಳು. ಅಪ್ಪನಿಗೆ ಸಹನೆ ಕೆಟ್ಟಿತು. "ಫ್ಲೈಟಿಗೆ ಇನ್ನು ಎಂಟೇ ದಿನ ಐತೆ. ಆ ಅಜ್ಜಿ ಏನು ತೊಡೆ ಮೇಲೆ ಪೇಪರ್ ಹಾಸ್ಕೊಂಡ್ ಕೂರ್ತಾರಾ? ಹಂಗೇ ಕೊಟ್ಬಿಡೆ." ಅಮ್ಮ, "ಸೋರುವ ಗಾಡಿ ನಾನು ಕೊಡುದಿಲ್ಲ" ಎಂದವಳೇ, ಮೂರು ವಾರ ಕೂತು ಕೂರಿಸಿದ್ದ ಗಾಜಿನ ರಬ್ಬರನ್ನು ಚಾಕುವಿನಿಂದ ಸರ್ರನೆ ಸೀಳಿ ಎಳೆದುಬಿಟ್ಟಳು. ನಿಜ ನನ್ನ ಬಾಯಲ್ಲೇ ಇತ್ತು. ಹೇಳಲಿಲ್ಲ.

ಎರಡು ದಿನ ಹಿಡಿಯಿತು. ಒಳಗೆ ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದರೂ ಅಮ್ಮ ಆ ಕಡೆ ಸುಳಿಯಲಿಲ್ಲ. ಸೋಮವಾರ ನನ್ನನ್ನು ಶಾಲೆಗೂ ಕಳಿಸಲಿಲ್ಲ. ನನ್ನ ಕೈಗೆ ಬ್ರಷ್ಷು ಕೊಟ್ಟು, ಸಂದಿನುದ್ದಕ್ಕೂ ಸೊಲ್ಯೂಷನ್ ಬಳಿಯಲು ಹೇಳಿಕೊಟ್ಟಳು. ನಾನು ಬಳಿದಲ್ಲಿ ಅವಳು ಹೊಸ ರಬ್ಬರು ಒತ್ತುತ್ತ ಬಂದಳು. ನೆಲದ ಮೇಲೆ ಕೂತು ಒಂದೇ ತಟ್ಟೆಯಲ್ಲಿ ಮೊಸರನ್ನ ತಿಂದೆವು. ಅಜ್ಜನ ಶೆಡ್ಡಿನ ಉಳಿದ ಕತೆಗಳನ್ನೆಲ್ಲ ಅವಳು ಹೇಳಿದ್ದು ಆಗಲೇ. ಅವಳ ಉಗುರಿನ ಬುಡ ಸೀಳಿ ರಕ್ತ ಬಂದಾಗ ನನಗೆ ಅಳು ಒತ್ತಿಬಂತು. "ಎಂತಾಯ್ತು ಮಗಾ?" ಎಂದಳು. ಏನಿಲ್ಲ ಎಂದೆ. ಮತ್ತೆ ನೀರು ಬಿಟ್ಟಾಗ ನಾನು ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಕೂತೆ. "ಇಟ್ಸ್ ಡ್ರೈ, ಅಮ್ಮ" ಎಂದು ಪೇಪರನ್ನು ಅವಳ ಕೈಗೆ ಕೊಟ್ಟೆ.

ಮಾರನೆಯ ದಿನ ಗಿಲ್‌ರಾಯ್‌ಗೆ ಹೊರಟೆವು. ತಾತ್ಕಾಲಿಕ ಪರವಾನಗಿಯ ಚೀಟಿ ಗಾಜಿಗೆ ಅಂಟಿಸಿ ಅಮ್ಮ ಸ್ಟೀರಿಂಗು ಹಿಡಿದಳು, ನಾನು ಹಿಂದೆ ನನ್ನ ಮರದ ಸೀಟಿನಲ್ಲಿ. ನಮ್ಮನ್ನು ವಾಪಸು ಕರೆತರಲು ಅಪ್ಪ ಇನ್ನೊಂದು ಕಾರಿನಲ್ಲಿ ಹಿಂದೆಯೇ ಬಂದರು. ಫ್ರೀವೇಯ ಬಲಗಡೆಯ ನಿಧಾನದ ಸಾಲಿನಲ್ಲಿ ಅಮ್ಮ ಎತ್ತಿನಗಾಡಿಯ ಹಾಗೆ ಓಡಿಸಿದಳು. ಜನ ಹಾರ್ನು ಮಾಡುತ್ತಾ, ಕೆಲವರು ಕೈ ಬೀಸುತ್ತಾ ದಾಟಿಹೋದರು. ಅರ್ಧ ದಾರಿಯಲ್ಲಿ ಚಳಿಗಾಲದ ಮಳೆ ಶುರುವಾಯಿತು. ಸಣ್ಣದಲ್ಲ, ಊರಿನ ಮಳೆಯೇ. ಚಾವಣಿಯ ಮೇಲೆ ಹುರುಳಿ ಸುರಿದಂಥ ಸದ್ದು. ನಾನು ಅಂಗೈ ಚಾಚಿ ಕೂತೆ. ಒಂದು ಹನಿ ಬೀಳಲಿ, ದೇವರೇ, ಒಂದೇ ಒಂದು ಹನಿ, ಅಮ್ಮ ಗಾಡಿ ತಿರುಗಿಸುತ್ತಾಳೆ. ಬೀಳಲಿಲ್ಲ. ಇನ್ನು ತಡೆಯಲಾಗದೆ ಹೇಳಿಬಿಟ್ಟೆ.

"ಅಮ್ಮ, ಅವತ್ತು ಪೇಪರಿನಲ್ಲಿದ್ದದ್ದು..."

"ಗೊತ್ತುಂಟು." ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಉಗುಳು ಯಾವುದು, ನೀರು ಯಾವುದು ಅಂತ ಗೊತ್ತಾಗದವಳಾ ನಾನು?"

"ಮತ್ತೆ ರಬ್ಬರು ಯಾಕೆ ಕಿತ್ತೆ?"

ವೈಪರು ನಾಲ್ಕಾರು ಸಲ ಆಡಿತು.

"ಇನ್ನೆರಡು ದಿನ ಸಿಗ್ತದಲ್ಲ ಮಗಾ."

ಡೋರಿಸಜ್ಜಿ ಕೊಡೆ ಹಿಡಿದು ಅಂಗಳದಲ್ಲೇ ನಿಂತಿದ್ದರು. ಒದ್ದೆ ತಗಡನ್ನು ಬೆರಳ ಗಂಟಿನಿಂದ ತಟ್ಟಿ ನೋಡಿ, ಅಮ್ಮನ ಕೈ ಹಿಡಿದುಕೊಂಡರು. ನಾವು ಅಪ್ಪನ ಕಾರಿನಲ್ಲಿ ಮರಳಿದೆವು. ಗಿಲ್‌ರಾಯ್ ದಾಟುವ ಮೊದಲೇ ಅಮ್ಮನ ಬೆರಳುಗಳು ಕಿಟಕಿ ಗಾಜನ್ನು ತಟ್ಟತೊಡಗಿದವು. ಮಂಗಳೂರಿಗೆ ಬಂದ ಮೇಲೂ, ನಾನು ಬೆಳೆದು ಕೆಲಸಕ್ಕೆ ಸೇರಿದ ಮೇಲೂ ಆ ಸದ್ದು ನಿಲ್ಲಲಿಲ್ಲ. ಅಂಥ ಇನ್ನೊಂದು ಕಾರು ಅವಳಿಗೆ ಸಿಗಲಿಲ್ಲ, ಅವಳು ಹುಡುಕಿದಳೋ ಇಲ್ಲವೋ ನಾನು ಕೇಳಲೂ ಇಲ್ಲ. ಹೋದ ವರ್ಷ ಆಸ್ಪತ್ರೆಯ ಮಂಚದ ಕಬ್ಬಿಣವನ್ನು ತಟ್ಟುತ್ತಿದ್ದ ಬೆರಳುಗಳು ಒಂದು ಬೆಳಿಗ್ಗೆ ಸುಮ್ಮನಾದವು. ಎರಡು ದಿನ ನನಗೂ ಬೇಕಿತ್ತು. ಬಿಚ್ಚಿ ಮತ್ತೆ ಕಟ್ಟಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಪಂಚರ್ ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಮುಳುಗಿಸಿ ಸುತ್ತಲೂ ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. "ಆಯ್ತು ಮೇಡಂ, ಇನ್ನೆಂತ ಹೆದರಿಕೆ ಇಲ್ಲ" ಎಂದು ಚಕ್ರಕ್ಕೆ ಕೈ ಹಾಕಿದ.

"ಆ ತೇಪೆ ಕಿತ್ತು ಇನ್ನೊಮ್ಮೆ ಹಾಕಿ" ಎಂದೆ.

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಸರಿ ಉಂಟಲ್ಲ ಎಂದ.

"ಇರಲಿ, ಹಾಕಿ. ನನಗೇನೂ ಅವಸರ ಇಲ್ಲ."